ಬಾಯಿ ಬಿಡದ ವಾಲ್ವುಗಳು

ಊರಿನ ಕಾಫಿ ಅಂಗಡಿಯವರಿಗೆಲ್ಲ ಅವಳು ವಾಷರಕ್ಕ. ಎಸ್ಪ್ರೆಸೊ ಮಷೀನಿನಲ್ಲಿ ಏನೇ ಕೆಡಲಿ, ಹಾಲಿಗೆ ನೊರೆ ಬರದಿರಲಿ, ಗ್ರೈಂಡರ್ ಕಿರುಚಲಿ, ಅವಳು ಬಂದವಳೇ ಮೊದಲು ಹೇಳುವ ಮಾತು "ವಾಷರ್ ನೋಡೋಣ". ಹತ್ತಕ್ಕೆ ಆರು ಸಲ ತಪ್ಪು ವಾಷರಿನದೇ ಆಗಿರುತ್ತಿತ್ತು. ಉಳಿದ ನಾಲ್ಕು ಸಲಕ್ಕೆ ಅವಳ ಹತ್ತಿರ ಒಂದು ಗೋಡೆ ತುಂಬ ಡ್ರಾಯರುಗಳಿದ್ದವು.

ಆ ಡ್ರಾಯರುಗಳು ಮುಚ್ಚಿಹೋದ ಔಷಧಿ ಅಂಗಡಿಯೊಂದರಿಂದ ಬಂದವು. ಮೇಲೆ ಅಂಟಿಸಿದ್ದ ಚೀಟಿಗಳನ್ನು ಅವಳು ಕೀಳಲಿಲ್ಲ. ಹಾಗಾಗಿ "ಕೆಮ್ಮು" ಅಂತ ಬರೆದ ಡ್ರಾಯರಿನಲ್ಲಿ ಗ್ಯಾಸ್ಕೆಟ್‌ಗಳು, "ಜ್ವರ"ದಲ್ಲಿ ಥರ್ಮೋಸ್ಟಾಟ್‌ಗಳು, "ಹೊಟ್ಟೆನೋವು" ಅನ್ನುವುದರಲ್ಲಿ ಪಂಪಿನ ಬಿಡಿಭಾಗಗಳು. ಮೈದುನ ಮೊದಮೊದಲು ನಗುತ್ತಿದ್ದ. ಆಮೇಲೆ ಅವನೂ ಫೋನ್ ಮಾಡಿ "ಅತ್ತಿಗೆ, ಜ್ವರದಿಂದ ಎರಡು ತೆಗೆದಿಡಿ" ಅನ್ನುವ ಹಾಗಾದ.

ಮನೆಯ ಕೆಳಗಿನ ಕಾರ್ ಶೆಡ್ಡೇ ಅವಳ ಕೆಲಸದ ಜಾಗ. ಗಂಡ ದೂರದೂರಿಗೆ ಸರಕು ಲಾರಿ ಓಡಿಸುವವನು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಮೈದುನ ಸ್ಕೂಟರಿನಲ್ಲಿ ಓಡಾಡಿ ಸಾಮಾನು ತಲುಪಿಸುತ್ತಿದ್ದ, ಸಣ್ಣಪುಟ್ಟ ರಿಪೇರಿಯನ್ನೂ ಮಾಡುತ್ತಿದ್ದ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಶೆಡ್ಡಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ "ಯಾರು, ಯಾವೂರು, ಯಾವ ಮಷೀನು" ಅಂತ ಕೇಳುವುದು ಅವಳ ಪಾಲಿನ ಕೆಲಸ.

ಕಂಪನಿಯೇ ಮುಚ್ಚಿಹೋದ ಮಷೀನುಗಳಿಗೆ ಬಿಡಿಭಾಗ ಹುಡುಕಿಕೊಡುವುದರಲ್ಲಿ ವಾಷರಕ್ಕನದು ಎತ್ತಿದ ಕೈ. ಇಪ್ಪತ್ತು ವರ್ಷ ಹಳೆಯ ಗ್ರೈಂಡರಿನ ಅರೆಯುವ ಬ್ಲೇಡು ಸವೆದರೆ, ಅದರ ಅಳತೆಗೆ ಸರಿಹೊಂದುವ ಬ್ಲೇಡು ಇನ್ಯಾವುದೋ ಗ್ರೈಂಡರಿನಲ್ಲಿದೆ ಅನ್ನುವುದು ಅವಳ ತಲೆಯಲ್ಲಿರುತ್ತಿತ್ತು. ಇದನ್ನೆಲ್ಲ ಕಲಿತದ್ದು ಹಳೇ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ಹನ್ನೊಂದು ವರ್ಷ ಅಲ್ಲಿ ಕೌಂಟರಿನ ಹಿಂದೆ ನಿಂತಿದ್ದಳು. ಅಂಗಡಿ ಯಜಮಾನರನ್ನು ಎಲ್ಲರೂ ಕರೆಯುತ್ತಿದ್ದುದು ಕೌಂಟರ್ ಅಜ್ಜ ಅಂತ. ಒಂದು ದಿನ ಅಜ್ಜ ಗಿರಾಕಿಯೊಬ್ಬನಿಗೆ ಕೊಟ್ಟ ಗ್ಯಾಸ್ಕೆಟ್ ಅಳತೆ ತಪ್ಪು ಅಂತ ಇವಳು ಅವನ ಎದುರಿಗೇ ಹೇಳಿದಳು. "ನನ್ನ ಕೌಂಟರಲ್ಲಿ ನಂಗೇ ಪಾಠನಾ?" ಅಂದರು ಅಜ್ಜ. ಇವಳು ಬೀಗದ ಕೈ ಗೊಂಚಲನ್ನು ಕೌಂಟರಿನ ಮೇಲಿಟ್ಟು ಹೊರಟುಬಂದಳು. ಆಮೇಲೆ ಆರು ವರ್ಷ ಆ ಬೀದಿಗೆ ಕಾಲಿಡಲಿಲ್ಲ. ಬೇಕಾದದ್ದನ್ನು ಬೇರೆ ಬೇರೆ ಕಡೆಯಿಂದ ತರಿಸಿಕೊಂಡಳು. ಸುತ್ತು ಬಳಸಿನ ದಾರಿಯಾದರೂ ಸರಿ, ಅಜ್ಜನ ಮುಂದೆ ಹೋಗಿ ನಿಲ್ಲುವುದೊಂದು ಬೇಡವಾಗಿತ್ತು.

ಆ ಗುರುವಾರ ಬೆಳಿಗ್ಗೆ ಅವಳ ಮೇಜಿನ ಮೇಲಿದ್ದದ್ದು ಪುಸ್ತಕದಂಗಡಿಯ ಕಾಫಿ ಮೂಲೆಯ ಮಷೀನು. ಸ್ಟೀಮ್ ಸಾಲದು ಅಂತ ದೂರು. ಸ್ಟೀಮ್ ನಲ್ಲಿಯ ವಾಷರ್ ಬದಲಾಯಿಸಿ, ಬಾಯ್ಲರಿಗೆ ನೀರು ತುಂಬಿ, ಸ್ವಿಚ್ ಹಾಕಿ, ಪಕ್ಕದ ಮೇಜಿನಲ್ಲಿ ಒಂದು ಗ್ರೈಂಡರ್ ಬಿಚ್ಚುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಕಿವಿಗೆ ಏನೋ ಕೊರತೆ ಅನ್ನಿಸಿತು. ಬಾಯ್ಲರಿನ ಒತ್ತಡ ಗೇಜಿನಲ್ಲಿ ಒಂದೂಕಾಲು ಬಾರ್‌ಗೆ ಏರಿದಾಗ ಪ್ರೆಷರ್ ಸ್ವಿಚ್ 'ಟಕ್' ಅಂದು ಕರೆಂಟ್ ಕಡಿಯಬೇಕು. ಆ 'ಟಕ್' ಬಂದಿರಲಿಲ್ಲ.

ತಿರುಗಿ ನೋಡಿದಳು. ಗೇಜಿನ ಮುಳ್ಳು ಒಂದೂವರೆ ದಾಟಿತ್ತು.

ಸ್ವಿಚ್ ಅಂಟಿಕೊಂಡಿದೆ ಅಂದುಕೊಂಡಳು. ಹಳೇ ಮಷೀನುಗಳಲ್ಲಿ ಇದೇನು ಹೊಸದಲ್ಲ. ಅದಕ್ಕೇ ಬಾಯ್ಲರಿನ ನೆತ್ತಿಯ ಮೇಲೆ ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ಸೇಫ್ಟಿ ವಾಲ್ವ್ ಇರುತ್ತದೆ. ಒತ್ತಡ ಒಂದೂಮುಕ್ಕಾಲು ದಾಟಿದರೆ ಅದು ತಾನಾಗಿ ಬಾಯಿ ಬಿಟ್ಟು ಹಬೆಯನ್ನು ಹೊರಗೆ ಹಾಕಬೇಕು. ಅದು ಬಾಯಿ ಬಿಡುವುದನ್ನು ನೋಡೋಣ ಅಂತ ಅವಳು ಸ್ಪ್ಯಾನರ್ ಹಿಡಿದುಕೊಂಡೇ ನಿಂತಳು. ಮುಳ್ಳು ಒಂದೂಮುಕ್ಕಾಲಕ್ಕೆ ಬಂತು. ಎರಡಕ್ಕೆ ಬಂತು. ವಾಲ್ವ್ ತುಟಿ ಪಿಟಕ್ಕೆನ್ನಲಿಲ್ಲ. ಎರಡೂಕಾಲು.

ಗೋಡೆಯ ಪ್ಲಗ್ ಎಳೆದು, ಬಾಗಿಲ ಬಳಿ ಕೂತಿದ್ದ ಅತ್ತೆಯನ್ನು ಕುರ್ಚಿಯ ಸಮೇತ ಹೊರಗೆ ಎಳೆದುಕೊಂಡು ಹೋದಳು.

"ಏನಮ್ಮಾ, ಬೆಂಕಿನಾ?" ಅಂದಳು ಅತ್ತೆ.

"ಇಲ್ಲತ್ತೆ. ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ."

ಮಷೀನು ತಣ್ಣಗಾಗಲು ಒಂದು ಗಂಟೆ ಹಿಡಿಯಿತು. ವಾಲ್ವ್ ಬಿಚ್ಚಿ ಕತ್ತರಿಸಿ ನೋಡಿದಾಗ, ಒಳಗಿನ ರಬ್ಬರ್ ಬಿಲ್ಲೆ ಅಗಿದು ಉಗಿದ ಚೂಯಿಂಗ್ ಗಮ್ಮಿನ ಹಾಗೆ ಮೆತ್ತಗಾಗಿ ಹಿತ್ತಾಳೆಗೆ ಕಚ್ಚಿಕೊಂಡಿತ್ತು. ಹಬೆಯ ಶಾಖ ತಡೆಯದ ಯಾವುದೋ ಅಗ್ಗದ ರಬ್ಬರ್. ಮೇಲೆ ಮಾತ್ರ ಕಂಪನಿಯ ಗುರುತು ಚೊಕ್ಕವಾಗಿ ಒತ್ತಿತ್ತು.

ಎಂಟು ತಿಂಗಳ ಹಿಂದೆ ಹೊಸ ಡೀಲರ್ ಒಬ್ಬನಿಂದ ಇಂಥ ಹತ್ತು ವಾಲ್ವ್ ತರಿಸಿದ್ದಳು. ತರಿಸಿದ್ದು ಅವಳೇ, ಆರಿಸಿದ್ದೂ ಅವಳೇ. ಅಂಥ ವಾಲ್ವ್ ಅಜ್ಜನ ಅಂಗಡಿಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದೂ ಅಲ್ಲಿಗೆ ಹೋಗದೆ ತರಿಸಿದ್ದು. ಬಂದ ದಿನ ಒಂದನ್ನು ಪರೀಕ್ಷೆ ಮಾಡಿದ್ದಳು, ಕರಾರುವಾಕ್ಕಾಗಿ ತೆರೆದುಕೊಂಡಿತ್ತು. ಹೊಸದರಲ್ಲಿ ಎಲ್ಲವೂ ತೆರೆದುಕೊಳ್ಳುತ್ತಿದ್ದವೋ ಏನೋ. ತಿಂಗಳುಗಟ್ಟಲೆ ಶಾಖದಲ್ಲಿ ಬೆಂದ ಮೇಲೆ ಏನಾಗುತ್ತದೆ ಅಂತ ಅವಳಿಗೆ ಆಗ ಹೊಳೆದಿರಲಿಲ್ಲ.

ಮೈದುನ ಬಂದ. ಕತ್ತರಿಸಿದ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿದ. "ಇದೊಂದೇ ಪೀಸ್ ಹಾಳಾಗಿರಬಹುದು, ಅತ್ತಿಗೆ."

"ಒಂದೇ ಆಗಿದ್ರೆ ನನ್ನ ಪುಣ್ಯ. ಇನ್ನೊಂದು ನೋಡೋಣ."

ಎರಡು ಬೀದಿ ಆಚೆಯ ಕಾಫಿ ಅಂಗಡಿಗೆ ಗುರುವಾರ ರಜೆ. ಮಷೀನು ತಣ್ಣಗಿತ್ತು. ಮೈದುನ ಹೋಗಿ ಅಂಗಡಿಯವನಿಂದ ಬಾಗಿಲು ತೆಗೆಸಿ ಇಪ್ಪತ್ತು ನಿಮಿಷದಲ್ಲಿ ಆ ವಾಲ್ವ್ ಬಿಚ್ಚಿ ತಂದ. ಗೇಜ್ ಇರುವ ಸಣ್ಣ ಕೈಪಂಪಿಗೆ ಜೋಡಿಸಿ ಒತ್ತಿದರು. ಮುಳ್ಳು ಎರಡೂವರೆಗೆ ಹೋದರೂ ಅದೂ ಬಾಯಿ ಬಿಡಲಿಲ್ಲ.

ಅವಳು ಮಷೀನುಗಳ ಪುಸ್ತಕ ತೆಗೆದಳು. ಯಾವ ಅಂಗಡಿಯ ಯಾವ ಮಷೀನಿಗೆ ಯಾವ ದಿನ ಏನು ಹಾಕಿದ್ದು ಅಂತ ಅದರಲ್ಲಿ ಬರೆದಿಡುವುದು ಅವಳ ರೂಢಿ. ಹತ್ತರಲ್ಲಿ ಎರಡು ಕೈಯಲ್ಲಿದ್ದವು. ಉಳಿದ ಎಂಟು ಊರಿನಲ್ಲಿ ಎಂಟು ಕಡೆ, ಜನರ ಎದೆಮಟ್ಟದ ಕೌಂಟರುಗಳ ಮೇಲೆ, ಕುದಿಯುವ ನೀರು ತುಂಬಿದ ಬಾಯ್ಲರುಗಳ ನೆತ್ತಿಯಲ್ಲಿ ಕೂತಿದ್ದವು. ಪ್ರೆಷರ್ ಸ್ವಿಚ್ ಸರಿಯಾಗಿರುವ ತನಕ ಏನೂ ಆಗುವುದಿಲ್ಲ. ಯಾವುದಾದರೂ ಒಂದರಲ್ಲಿ ಅದು ಅಂಟಿಕೊಂಡರೆ, ಆಮೇಲೆ ತಡೆಯುವವರು ಯಾರೂ ಇಲ್ಲ.

"ಎಲ್ಲರಿಗೂ ಫೋನ್ ಮಾಡು. ಮಷೀನು ಆಫ್ ಮಾಡಿಸು" ಅಂದಳು.

ಮೈದುನ ತಲೆ ಕೆರೆದುಕೊಂಡ. "ಅತ್ತಿಗೆ, ನಾವು ಹಾಕಿದ ವಾಲ್ವೇ ಕೆಟ್ಟದ್ದು ಅಂತ ಹೇಳಿದ್ರೆ ನಾಳೆಯಿಂದ ನಮ್ಮನ್ನ ಯಾರು ಕರೀತಾರೆ? ಸುಮ್ನೆ ಸರ್ವಿಸ್ ಅಂತ ಹೇಳೋಣ. ಹೋಗಿ ಬದಲಾಯಿಸಿ ಬಂದ್ರೆ ಆಯ್ತು."

ಅವಳಿಗೂ ಅದು ಸರಿ ಅನ್ನಿಸಿತು. ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲ ಫೋನನ್ನು ಅವಳೇ ಮಾಡಿ, ತುರ್ತಾಗಿ ಒಂದು ಸರ್ವಿಸ್ ಇದೆ, ಮಷೀನು ಆಫ್ ಮಾಡಿಡಿ ಅಂದಳು. "ಇವತ್ತು ಆಗಲ್ಲಕ್ಕ, ಸೋಮವಾರ ಬನ್ನಿ" ಅಂದ ಅಂಗಡಿಯವನು. ಅವನ ಮಾತಿನ ಹಿಂದೆ ಹಾಲು ಕಾಯಿಸುವ ಸ್ಟೀಮಿನ ಸದ್ದು ಸುಯ್ಯೆನ್ನುತ್ತಿತ್ತು.

"ಸರ್ವಿಸ್ ಅಂದಿದ್ದು ಸುಳ್ಳು" ಅಂದಳು. "ನಿಮ್ಮ ಮಷೀನಿಗೆ ನಾನು ಹಾಕಿದ ಸೇಫ್ಟಿ ವಾಲ್ವ್ ಕೆಲಸ ಮಾಡೋದಿಲ್ಲ. ಬಾಯ್ಲರ್ ಸಿಡಿಯಬಹುದು. ಪ್ಲಗ್ ತೆಗೀರಿ, ಈಗಲೇ. ನಾನು ಲೈನಲ್ಲೇ ಇರ್ತೀನಿ."

ಆ ಕಡೆ ಸ್ಟೀಮಿನ ಸದ್ದು ನಿಂತಿತು.

ಅತ್ತೆ ಅಷ್ಟರಲ್ಲಿ ಎದ್ದು ಬಂದಿದ್ದಳು. "ಆ ಪುಸ್ತಕ ಇಲ್ಲಿ ಕೊಡು. ಒಂದೊಂದು ಫೋನಿಗೆ ನೀನು ಹೀಗೆ ಬೆವರ್ತಾ ಕೂತ್ರೆ ಸಂಜೆಯಾಗುತ್ತೆ. ನಾನು ಪ್ರವಾಹ ಬಂದ ದಿನವೂ ಎಕ್ಸ್‌ಚೇಂಜಿನ ಬೋರ್ಡ್ ಮುಂದೆ ಕೂತಿದ್ದೋಳು." ಕನ್ನಡಕ ಏರಿಸಿಕೊಂಡು ನಂಬರ್ ಒತ್ತತೊಡಗಿದಳು. ಅವಳ ದನಿಯಲ್ಲಿ ಅವಸರವೂ ಇರಲಿಲ್ಲ, ಬೇಡಿಕೊಳ್ಳುವ ಧಾಟಿಯೂ ಇರಲಿಲ್ಲ. "ನಮಸ್ಕಾರ. ನಾನು ವಾಷರಕ್ಕನ ಅತ್ತೆ. ಮೊದಲು ಮಷೀನಿನ ಪ್ಲಗ್ ತೆಗೀರಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ತೆಗೆದ್ರಾ?" ಅರ್ಧ ಗಂಟೆಯಲ್ಲಿ ಮೊದಲಿನದೂ ಸೇರಿ ಆರು ಮಷೀನುಗಳು ಆಫ್ ಆದವು.

ಉಳಿದದ್ದು ಎರಡು. ಒಂದು, ಕಚೇರಿಗಳ ಬೀದಿಯ ಬೇಕರಿ. ಬನ್ ಸಾಹುಕಾರ ಅಂತ ಹೆಸರಾದ ಅದರ ಯಜಮಾನ "ಮಧ್ಯಾಹ್ನದ ಜನ ಮುಗೀಲಿ, ನೋಡೋಣ" ಅಂತ ಫೋನ್ ಇಟ್ಟಿದ್ದ. ಇನ್ನೊಂದು, ಸಿನಿಮಾ ಮಂದಿರದ ಎದುರಿನ ಕಾಫಿ ಅಂಗಡಿ. ಆ ನಂಬರ್ ಬಳಕೆಯಲ್ಲೇ ಇರಲಿಲ್ಲ.

"ಬೇಕರಿಗೆ ನೀವು ಹೋಗಿ" ಅಂದಳು ಅತ್ತೆ. "ಈ ಹತ್ತನೇದನ್ನ ನಾನು ಹುಡುಕ್ತೀನಿ."

ಬೇಕರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬನ್ ಸಾಹುಕಾರ ಗಲ್ಲಾದ ಹಿಂದಿನಿಂದಲೇ ಕೈಯಾಡಿಸಿದ. "ವಾಷರಕ್ಕ, ಎಂಟು ತಿಂಗಳಿಂದ ಏನೂ ಆಗಿಲ್ಲ. ಇನ್ನೆರಡು ಗಂಟೇಲಿ ಏನಾಗುತ್ತೆ?"

"ಏನೂ ಆಗದೇ ಇರಬಹುದು."

"ಮತ್ತೆ?"

ಅವಳು ಕೌಂಟರಿನ ಹಲಗೆ ಎತ್ತಿ ಒಳಗೆ ಹೋದಳು. ಮಷೀನಿನ ಮುಂದೆ ನಿಂತಿದ್ದ ಹೆಂಗಸಿಗೆ "ನೀವು ಆ ಕಡೆ ಹೋಗಿ ಬನ್ ಕಟ್ಟಿಕೊಡಿ" ಅಂದು ಅವಳ ಜಾಗದಲ್ಲಿ ತಾನು ನಿಂತಳು. ಗೇಜಿನ ಮುಳ್ಳು ಒಂದೂಕಾಲಿನ ಮೇಲೆ ತೆಪ್ಪಗೆ ಕೂತಿತ್ತು.

"ನೀವು ಆರ್ಡರ್ ತಗೊಳ್ಳಿ ಸಾಹುಕಾರ್ರೇ, ಕಾಫಿ ನಾನು ಮಾಡ್ತೀನಿ. ಇದು ಆನ್ ಇರೋ ತನಕ ಇದರ ಹತ್ತಿರ ನಿಲ್ಲೋಳು ನಾನೊಬ್ಬಳೇ. ಯಾಕೆ ಅಂತ ಈ ಜನ ಕೇಳಿದ್ರೆ ನೀವೇ ಹೇಳಿ."

ಎರಡು ಕಾಫಿ ಮಾಡಿದಳು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬನ್ ಸಾಹುಕಾರ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದ. ಮೂರನೆಯ ಲೋಟಕ್ಕೆ ಅವಳು ಕೈ ಹಾಕುವ ಹೊತ್ತಿಗೆ ಅವನೇ ಬಂದು ಪ್ಲಗ್ ಕಿತ್ತ.

"ಇನ್ಮೇಲೆ ನನ್ನ ಮಷೀನಿಗೆ ಬೇರೆಯವರನ್ನ ನೋಡ್ಕೋತೀನಿ" ಅಂದ, ದನಿ ಎತ್ತರಿಸದೆ.

"ನೋಡ್ಕೊಳ್ಳಿ. ಆದ್ರೆ ಈ ವಾಲ್ವನ್ನ ನಾನೇ ಬದಲಾಯಿಸಿ ಹೋಗ್ತೀನಿ."

ಬದಲಾಯಿಸಲು ಕೈಯಲ್ಲಿ ಏನಿತ್ತು? ಡ್ರಾಯರುಗಳನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ಹಳೆಯ, ಅಸಲಿ ಮೂರು ವಾಲ್ವ್. ಬೇಕಾದದ್ದು ಹತ್ತು. ಕಂಪನಿಗೆ ಬರೆದರೆ ಆರು ವಾರ. ಹೊಸ ಡೀಲರಿನ ಫೋನನ್ನು ಯಾರೂ ಎತ್ತಲಿಲ್ಲ. ಇನ್ನು ಉಳಿದದ್ದು ಒಂದೇ ಬಾಗಿಲು.

ಹಳೇ ಪೇಟೆಯ ಅಂಗಡಿ ಮೊದಲಿನ ಹಾಗೇ ಇತ್ತು. ಕೌಂಟರಿನ ಮರ ಮೊಣಕೈ ಊರಿ ಊರಿ ಎರಡು ಕಡೆ ಗುಳಿ ಬಿದ್ದಿತ್ತು. ಒಂದು ಅಜ್ಜನದು, ಇನ್ನೊಂದು ಇವಳದು. ಅಜ್ಜ ಸ್ಟೂಲಿನ ಮೇಲೆ ಕೂತು ಕನ್ನಡಕವನ್ನು ಹಣೆಗೇರಿಸಿ ಏನೋ ಉಜ್ಜುತ್ತಿದ್ದರು. ತಲೆಯೆತ್ತಿ ನೋಡಿದರು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ಸಾರ್, ಸೇಫ್ಟಿ ವಾಲ್ವ್ ಬೇಕಿತ್ತು. ಏಳು."

"ಏಳು ಯಾಕೆ? ಒಂದೇ ಸಲ ಏಳು ಮಷೀನಿಗೆ ಕಾಯಿಲೆನಾ?"

ಅವಳು ಕತ್ತರಿಸಿದ ವಾಲ್ವನ್ನು ಕೌಂಟರಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಯಾರಿಂದ ತರಿಸಿದ್ದು, ಎಷ್ಟು ತರಿಸಿದ್ದು, ಒಂದನ್ನೇ ಪರೀಕ್ಷೆ ಮಾಡಿದ್ದು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ, ಈಗ ಬಯ್ಯುತ್ತಾರೆ, ಈಗ ಹಂಗಿಸುತ್ತಾರೆ ಅಂತ ಕಾಯುತ್ತಲೇ ಇದ್ದಳು. ಅಜ್ಜ ಭೂತಗನ್ನಡಿ ತೆಗೆದು ವಾಲ್ವಿನ ಒಳಗೆ ನೋಡಿದರು. ಹೊರಗಿನ ಗುರುತನ್ನು ನೋಡಿದರು. ಮತ್ತೆ ಒಳಗೆ ನೋಡಿದರು.

ಅವರು ಎದ್ದು ಹಿಂದಿನ ಕಪಾಟಿನಿಂದ ಒಂದು ರಟ್ಟಿನ ಡಬ್ಬ ತಂದು ಅವಳ ಮುಂದೆ ಸುರಿದರು. ಅದೇ ಗುರುತು, ಅದೇ ಪ್ಲಾಸ್ಟಿಕ್ ಚೀಲ.

"ಇಪ್ಪತ್ತು ತರಿಸಿದ್ದೆ" ಅಂದರು. "ಆರು ಉಳಿದಿವೆ."

ಹದಿನಾಲ್ಕು ವಾಲ್ವ್‌ಗಳು ಈ ಕೌಂಟರ್ ದಾಟಿ ಹೋಗಿದ್ದವು.

"ಯಾರ್ಯಾರಿಗೆ ಕೊಟ್ರಿ ಅಂತ ಬರೆದಿದೀರಾ?"

"ನಾನೆಲ್ಲಿ ಬರೀತೀನಿ? ಬರೀತಿದ್ದೋಳು ನೀನು." ಅಜ್ಜ ಸ್ಟೂಲಿನ ಮೇಲೆ ಕುಸಿದು ಕೂತರು. "ಮೆಕ್ಯಾನಿಕ್‌ಗಳು ಬರ್ತಾರೆ, ತಗೊಂಡು ಹೋಗ್ತಾರೆ. ಮುಖ ನೆನಪಿದೆ. ಎಲ್ಲಾ ಇಲ್ಲ, ಕೆಲವು."

"ನೆನಪಿರೋದನ್ನ ಬರೀರಿ ಸಾರ್. ಒಂದೊಂದಾಗಿ. ನಮ್ಮತ್ತೆ ಫೋನ್ ಮಾಡ್ತಾರೆ."

ಹಳೆಯ ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಲು ಪುರುಸೊತ್ತೂ ಇರಲಿಲ್ಲ. ಅಜ್ಜ ನಡುಗುವ ಅಕ್ಷರದಲ್ಲಿ ಮೆಕ್ಯಾನಿಕ್‌ಗಳ ಪಟ್ಟಿ ಬರೆಯುತ್ತಿದ್ದರೆ ಅವಳೂ ಮೈದುನನೂ ಹಿಂದಿನ ಗೋದಾಮಿಗೆ ನುಗ್ಗಿದರು. ಅಲ್ಲಿ ಸತ್ತ ಮಷೀನುಗಳ ರಾಶಿ. ತುಕ್ಕು ಹಿಡಿದವು, ಹೊಟ್ಟೆ ಬಿಚ್ಚಿದವು, ಇಲಿ ಗೂಡು ಕಟ್ಟಿದವು. ಒಂದೊಂದರ ನೆತ್ತಿ ತಡಕಿ ವಾಲ್ವ್ ಬಿಚ್ಚಿದರು. ಅವಳ ಬೆರಳ ಗಂಟಿನ ಚರ್ಮ ಎರಡು ಕಡೆ ಕಿತ್ತುಹೋಯಿತು. ತಂದದ್ದನ್ನೆಲ್ಲ ಅಜ್ಜನ ಕೈಪಂಪಿಗೆ ಜೋಡಿಸಿ ಒತ್ತಿ ನೋಡಿದರು. ಹನ್ನೆರಡರಲ್ಲಿ ಒಂಬತ್ತು ಸರಿಯಾಗಿ ಒಂದೂಮುಕ್ಕಾಲಕ್ಕೆ 'ಫುಸ್' ಅಂದವು. ಇಪ್ಪತ್ತು ವರ್ಷ ಧೂಳು ತಿಂದ ವಾಲ್ವುಗಳವು.

ಕೊನೆಯದನ್ನು ಒತ್ತುತ್ತಿದ್ದಾಗ ಅತ್ತೆಯ ಫೋನ್ ಬಂತು.

"ಹತ್ತನೇದು ಸಿಕ್ಕಿತಮ್ಮಾ. ಕಟ್ಟಡದ ಮಾಲೀಕನಿಂದ ಕಾಫಿ ಅಂಗಡಿಯವನ ತಂಗಿಯ ನಂಬರ್ ಸಿಕ್ತು. ತಂಗಿಯಿಂದ ಅವನದು. ಅವನು ಅಂಗಡಿ ಮುಚ್ಚಿ ಮಷೀನನ್ನ ಗುಜರಿಯವನಿಗೆ ಕೊಟ್ಟನಂತೆ. ಗುಜರಿಯವನು ಮೂರು ವಾರದ ಹಿಂದೆ ಒಬ್ಬ ಹೆಂಗಸಿಗೆ ಕೊಟ್ಟಿದಾನೆ. ಬಸ್ ನಿಲ್ದಾಣದ ಹಿಂದಿನ ಗೇಟಿನ ಹತ್ತಿರ ಕಿಟಕಿ ತೆಗೆದು ಕಾಫಿ ಮಾರ್ತಾಳಂತೆ. ನೀಲಿ ಕಿಟಕಿ. ಅವಳ ಫೋನ್ ಎತ್ತುತಾ ಇಲ್ಲ, ನಾನು ನಾಲ್ಕು ಸಲ ಮಾಡಿದೆ. ನೀನು ಹೊರಡು."

ಮೈದುನ ಸ್ಕೂಟರ್ ಓಡಿಸಿದ ರೀತಿಗೆ ಬೇರೆ ದಿನವಾಗಿದ್ದರೆ ಅವಳು ಅವನ ಬೆನ್ನಿಗೊಂದು ಗುದ್ದುತ್ತಿದ್ದಳು. ಅವತ್ತು "ಇನ್ನೂ ಸ್ವಲ್ಪ ಬೇಗ" ಅಂದಳು.

ನಾಲ್ಕು ಗಂಟೆಯ ಬಿಸಿಲು. ನೀಲಿ ಕಿಟಕಿಯ ಮುಂದೆ ಏಳೆಂಟು ಜನ ನಿಂತಿದ್ದರು. ಇಬ್ಬರು ಬಸ್ ಡ್ರೈವರುಗಳು, ಪಾಳಿ ಮುಗಿಸಿದ ನರ್ಸೊಬ್ಬಳು, ಕೈಯಲ್ಲಿ ಗಂಟು ಹಿಡಿದ ಪ್ರಯಾಣಿಕರು. ಕಿಟಕಿಯ ಒಳಗಿನ ಹಲಗೆಯ ಮೇಲೆ ಅವಳಿಗೆ ಗುರುತಿದ್ದ ಆ ಮಷೀನು. ಅದರ ಹಿಂದೆ ಮೂವತ್ತೈದರ ಆಸುಪಾಸಿನ ಹೆಂಗಸು ಅಂಗಿಯ ತೋಳು ಮಡಚಿಕೊಂಡು ಹಾಲಿಗೆ ಸ್ಟೀಮ್ ಹಿಡಿಯುತ್ತ ಯಾರಿಗೋ ಹೇಳುತ್ತಿದ್ದಳು, "ಇವತ್ತು ನೋಡಿ ಸಾರ್, ಎಂಥಾ ಸ್ಟೀಮು. ಹಾಲು ಕಣ್ಣು ಮುಚ್ಚಿ ಬಿಡೋದ್ರೊಳಗೆ ಕಾಯ್ತಿದೆ."

ವಾಷರಕ್ಕನ ಕಾಲು ಅಲ್ಲೇ ನಿಂತಿತು. ಆ ಮಾತಿನ ಅರ್ಥ ಅವಳೊಬ್ಬಳಿಗೇ ಗೊತ್ತಿತ್ತು. ಬಗ್ಗಿ ಗೇಜ್ ನೋಡಿದಳು. ಮುಳ್ಳು ಎರಡೂವರೆ ಹತ್ತಿರ ಸಣ್ಣಗೆ ನಡುಗುತ್ತಿತ್ತು. ಪ್ರೆಷರ್ ಸ್ವಿಚ್ ಅಂಟಿಕೊಂಡಿದೆ. ಒಂದರ ಹಿಂದೆ ಒಂದು ಲೋಟಕ್ಕೆ ಸ್ಟೀಮ್ ಬಿಡುತ್ತಿದ್ದದ್ದರಿಂದ ಮಾತ್ರ ಒತ್ತಡ ಅಲ್ಲಿಗೇ ನಿಂತಿದೆ. ಜನ ಹೋಗಿ ಈಕೆ ಐದು ನಿಮಿಷ ಕೈ ಕಟ್ಟಿ ಕೂತರೆ ಮುಗಿಯಿತು.

"ಇದರ ಪ್ಲಗ್ ಎಲ್ಲಿದೆ?" ಅಂದಳು.

"ಯಾರ್ರೀ ನೀವು? ಸಾಲಲ್ಲಿ ಬನ್ನಿ."

"ಅಮ್ಮಾ, ನಾನು ಈ ಮಷೀನಿನ ಮೆಕ್ಯಾನಿಕ್ಕು. ಇದು ಸಿಡಿಯೋ ಹಾಗಿದೆ. ಪ್ಲಗ್ ಎಲ್ಲಿ?"

ಆ ಹೆಂಗಸು ಗಾಬರಿಯಿಂದ ಮಷೀನಿನ ಹಿಂದೆ ಬೆರಳು ತೋರಿಸಿದಳು. ಪ್ಲಗ್ ಇದ್ದದ್ದು ಮಷೀನಿನ ಬೆನ್ನಿಗೆ ಗೋಡೆಯಲ್ಲಿ. ಅದನ್ನು ಕೀಳಬೇಕಾದರೆ ಬಾಯ್ಲರಿನ ಮೇಲೆ ಎದೆ ಊರಿ ಕೈ ಇಳಿಬಿಡಬೇಕು. ಮಷೀನಿನ ಸ್ವಿಚ್ಚಿನ ಗುಬ್ಬಿ ಮುರಿದು, ಆಫ್ ಮಾಡಲಾಗದ ಹಾಗೆ ತಂತಿ ಸುತ್ತಿತ್ತು.

"ಮೇನ್ ಹುಡುಕು" ಅಂತ ಮೈದುನನಿಗೆ ಹೇಳಿ ಅವಳು ಬಾಗಿಲು ನೂಕಿ ಒಳಗೆ ಹೋದಳು. "ನೀವು ಹೊರಗೆ ಹೋಗಿ. ಆ ಜನರನ್ನೂ ಕರಕೊಂಡು ಹೋಗಿ, ಆ ಬಸ್ಸಿನ ಆಚೆಗೆ. ಓಡಬೇಡಿ, ಬೇಗ ನಡೀರಿ."

ಆ ಹೆಂಗಸು ಕದಲಲಿಲ್ಲ. ಕೈಯಲ್ಲಿ ಹಾಲಿನ ಜಗ್ಗು ಹಾಗೇ ಇತ್ತು. "ಇದೊಂದೇ ನನ್ನ ಹತ್ತಿರ ಇರೋದು" ಅಂದಳು, ಅಷ್ಟೇ.

"ಗೊತ್ತು. ಮೊದಲು ನೀವು ಹೋಗಿ."

ನರ್ಸ್ ಒಳಗೆ ಬಂದು ಆಕೆಯ ಮೊಣಕೈ ಹಿಡಿದು ಕರೆದುಕೊಂಡು ಹೋದಳು. ಸಾಲು ಚದುರಿತು. ವಾಷರಕ್ಕ ಮಷೀನಿನ ಒಂದು ಬದಿಗೆ, ಗೋಡೆಗೆ ಒತ್ತಿಕೊಂಡು ನಿಂತು, ಕೈ ಚಾಚಿ ಸ್ಟೀಮ್ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಹಬೆ ಕಿಟಾರನೆ ಕಿರುಚಿಕೊಂಡು ನುಗ್ಗಿತು. ಕೋಣೆಯೆಲ್ಲ ಬೆಳ್ಳಗಾಯಿತು. ಮುಳ್ಳು ಕಾಣಬೇಕಾದರೆ ಮುಖ ಹತ್ತಿರ ತರಬೇಕು, ಹತ್ತಿರ ತಂದರೆ ಬಿಸಿ ಹೊಡೆಯುತ್ತದೆ. ಎರಡೂವರೆ. ಎರಡೂಕಾಲು. ಅಲ್ಲೇ ನಿಂತಿತು. ಕೆಳಗೆ ಹೀಟರ್ ಕಾಯಿಸುತ್ತಲೇ ಇತ್ತು, ಮೇಲೆ ಹಬೆ ಹೋಗುತ್ತಲೇ ಇತ್ತು. ಯಾರು ಗೆಲ್ಲುತ್ತಾರೆ ಅಂತ ಅವಳು ನೋಡುತ್ತ ನಿಂತಳು. ಮನಸ್ಸಿನಲ್ಲಿ ದೊಡ್ಡ ಯೋಚನೆ ಯಾವುದೂ ಬರಲಿಲ್ಲ. ಗಂಡನಿಗೆ ಬೆಳಿಗ್ಗೆ ಫೋನ್ ಮಾಡಲು ಮರೆತೆ ಅನ್ನುವುದೊಂದು ಬಂತು.

ಹೊರಗೆ ಮೆಟ್ಟಿಲ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗವಿತ್ತು. ಮೈದುನ ಸ್ಪ್ಯಾನರಿನಿಂದ ಅದನ್ನು ಜಜ್ಜುತ್ತಿದ್ದ. ಒಂದು ಏಟು, ಎರಡು, ಐದು. ಬೀಗ ಬಿಡಲಿಲ್ಲ. ಆಮೇಲೆ ಪೆಟ್ಟಿಗೆಯ ಬಾಗಿಲೇ ಕೀಲು ಸಮೇತ ಕಿತ್ತು ಬಂತು.

ಕಟ್ಟಡದ ಫ್ಯಾನು, ದೀಪ, ರೇಡಿಯೊ ಎಲ್ಲ ಒಟ್ಟಿಗೆ ನಿಂತವು. ಮೇಲಿನ ಮನೆಯಿಂದ ಯಾರೋ ತಲೆ ಹೊರಹಾಕಿ "ಯಾರಯ್ಯಾ ಅದು, ನಿಮಗೇನು ಬಂದಿದೆ?" ಅಂತ ಬೈದರು. ಆ ಬೈಗುಳ ಕೇಳಿ ಅವಳಿಗೆ ಜೀವ ಬಂದ ಹಾಗಾಯಿತು. ಕರೆಂಟು ಹೋಗಿದೆ.

ಮುಳ್ಳು ಇಳಿಯತೊಡಗಿತು. ಎರಡು. ಒಂದೂವರೆ. ಒಂದು. ಹಬೆಯ ಕಿರುಚಾಟ ಮೆಲ್ಲಗೆ ಸಿಳ್ಳೆಯಾಗಿ, ಸಿಳ್ಳೆ ಉಸಿರಾಗಿ ನಿಂತಿತು. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬಲಗೈಯ ಮಣಿಕಟ್ಟು ಕೆಂಪಗೆ ಉಬ್ಬಿತ್ತು. ನರ್ಸ್ ತನ್ನ ನೀರಿನ ಬಾಟಲಿಯನ್ನು ಅದರ ಮೇಲೆ ಸುರಿಯುತ್ತ "ಕೈ ಮಡಚಿ, ಬಿಡಿಸಿ" ಅಂದಳು.

ಕಾಫಿಯ ಹೆಂಗಸು ಎದುರಿಗೆ ಬಂದು ನಿಂತಳು. ಈಗ ಅವಳ ಮುಖದಲ್ಲಿ ಗಾಬರಿ ಹೋಗಿ ಸಿಟ್ಟು ಬಂದಿತ್ತು. "ಇಂಥಾ ವಾಲ್ವನ್ನ ಇದಕ್ಕೆ ಹಾಕಿದ್ದು ಯಾವನು?"

"ನಾನೇ ಹಾಕಿದ್ದು" ಅಂದಳು ವಾಷರಕ್ಕ.

ಆ ಹೆಂಗಸು ಬಹಳ ಹೊತ್ತು ಅವಳನ್ನೇ ನೋಡಿದಳು. ಕೊನೆಗೆ ಅವಳಿಂದ ಎರಡು ಗೇಣು ದೂರದಲ್ಲಿ ಅದೇ ಮೆಟ್ಟಿಲ ಮೇಲೆ ಕೂತಳು. "ಯಾವಾಗ ಸರಿ ಮಾಡ್ತೀರಿ?"

"ತಣ್ಣಗಾಗಲಿ. ಒಂದು ಗಂಟೆ."

ಆ ಒಂದು ಗಂಟೆಯಲ್ಲಿ ವಾಷರಕ್ಕ ಅವಳಿಗೆ ಗೇಜ್ ಓದುವುದನ್ನು ಹೇಳಿಕೊಟ್ಟಳು. ಇಲ್ಲಿಗೆ ಬಂದರೆ ಸರಿ, ಇಲ್ಲಿ ದಾಟಿದರೆ ಪ್ಲಗ್ ಕೀಳಬೇಕು. ಮೂರು ವಾರದಿಂದ ಆ ಮುಳ್ಳನ್ನು ದಿನವೂ ನೋಡುತ್ತಿದ್ದರೂ ಅದು ಏನು ಹೇಳುತ್ತದೆ ಅಂತ ಆಕೆಗೆ ಯಾರೂ ತಿಳಿಸಿರಲಿಲ್ಲ. ಆಮೇಲೆ ಚೀಲದಲ್ಲಿದ್ದ ಹೊಸ ಪ್ರೆಷರ್ ಸ್ವಿಚ್ ಹಾಕಲು ಕೂತಾಗ ವಾಷರಕ್ಕನ ಬೆಂದ ಕೈಯಿಂದ ಸ್ಕ್ರೂ ಮೂರು ಸಲ ಕೆಳಗೆ ಬಿತ್ತು. ಮೂರು ಸಲವೂ ಆ ಹೆಂಗಸೇ ಎತ್ತಿಕೊಟ್ಟಳು. ಗೋದಾಮಿನಿಂದ ತಂದ ಹಳೆಯ ವಾಲ್ವನ್ನು ಕೂರಿಸಿ, ಮೈದುನ ಪೆಟ್ಟಿಗೆಯ ಬಾಗಿಲಿಗೆ ತಂತಿ ಕಟ್ಟಿ ಕರೆಂಟ್ ಹಾಕಿದ. ಮುಳ್ಳು ಒಂದೂಕಾಲಕ್ಕೆ ಬಂದಾಗ 'ಟಕ್' ಅಂತ ಸದ್ದು ಬಂತು. ವಾಷರಕ್ಕ ಇನ್ನೂ ನಾಲ್ಕು ಸಲ ಆ ಸದ್ದು ಬರುವ ತನಕ ಕಾದಳು.

ಉಳಿದ ಅಂಗಡಿಗಳ ಮಷೀನುಗಳಿಗೂ ಆ ಸಂಜೆ ಮತ್ತು ಮರುದಿನ ವಾಲ್ವ್ ಹಾಕಿದರು. ಬನ್ ಸಾಹುಕಾರ ತನ್ನ ಮಾತಿನಂತೆ ಬೇರೆ ಮೆಕ್ಯಾನಿಕ್‌ನನ್ನು ನೋಡಿಕೊಂಡ. ಪುಸ್ತಕದಂಗಡಿಯವರೂ ಬಿಟ್ಟರು. ಮಿಕ್ಕವರು ಬಿಡಲಿಲ್ಲ, ಆದರೆ ಮುಂದೆ ಅವಳು ಏನು ಹಾಕಿದರೂ "ಇದು ಅಸಲಿ ತಾನೇ ಅಕ್ಕಾ?" ಅಂತ ಕೇಳುವ ಅಭ್ಯಾಸ ಮಾಡಿಕೊಂಡರು. ಕೇಳಲಿ ಅಂತ ಅವಳೂ ಸುಮ್ಮನಾದಳು. ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಬಾಯ್ಲರ್ ಇಟ್ಟು, ಹೊಸ ವಾಲ್ವ್ ಯಾವುದೇ ಬಂದರೂ ಅದರ ಮೇಲೆ ಹದಿನೈದು ದಿನ ಬೇಯಿಸಿ, ಆಮೇಲೆ ಪರೀಕ್ಷೆ ಮಾಡತೊಡಗಿದಳು.

ಅಜ್ಜನ ಅಂಗಡಿಯಿಂದ ಹೋದ ಹದಿನಾಲ್ಕು ವಾಲ್ವುಗಳನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಅತ್ತೆ ಊಟ ತಿಂಡಿಯ ಹೊತ್ತು ಬಿಟ್ಟರೆ ಫೋನ್ ಬಿಡಲಿಲ್ಲ. ವಾಷರಕ್ಕ ವಾರಕ್ಕೆರಡು ದಿನ ಅಜ್ಜನ ಕೌಂಟರಿಗೆ ಹೋಗಿ ಕೂತಳು. ಯಾರು ಏನು ಕೊಂಡು ಹೋದರೂ ಬರೆದಿಡುವ ಪುಸ್ತಕವೊಂದನ್ನು ಅಲ್ಲಿ ಮತ್ತೆ ಶುರು ಮಾಡಿದಳು. ಹದಿಮೂರು ಸಿಕ್ಕವು. ಒಂದು ಸಿಗಲಿಲ್ಲ. ಅದನ್ನು ಕೊಂಡು ಹೋದವನು ಒಬ್ಬ ಎತ್ತರದ ಮನುಷ್ಯ, ಊರಿನವನಲ್ಲ, ಬಸ್ಸಿಗೆ ಹೊತ್ತಾಯಿತು ಅಂತ ಅವಸರ ಮಾಡುತ್ತಿದ್ದ. ಅಜ್ಜನಿಗೆ ನೆನಪಿದ್ದದ್ದು ಅಷ್ಟೇ.

ಈಗ ಅವಳು ಯಾವ ಊರಿಗೆ ಹೋದರೂ, ಕಾಫಿ ಅಂಗಡಿ ಕಂಡರೆ ಒಳಗೆ ಹೋಗಿ, ಕೂರುವ ಮೊದಲು ಮಷೀನಿನ ಬದಿಗೆ ಬಗ್ಗಿ ನೋಡುತ್ತಾಳೆ. ಕೆಲವರು ಇನ್ಸ್‌ಪೆಕ್ಟರ್ ಅಂದುಕೊಂಡು ಎದ್ದು ನಿಲ್ಲುತ್ತಾರೆ. ಕೆಲವರು ರೇಗುತ್ತಾರೆ. ಕಳೆದ ತಿಂಗಳು ಗಂಡನ ಲಾರಿಯಲ್ಲಿ ಹೋಗುವಾಗ, ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ಹಾಗೆ ಬಗ್ಗಿದಾಗ ಆ ವಾಲ್ವಿನ ಮೇಲೆ ಅದೇ ಗುರುತು ಕಂಡಿತು. ಪ್ಲಗ್ ತೆಗೆಸಿ, ಅದು ತಣ್ಣಗಾಗುವ ತನಕ ಲಾರಿಯನ್ನು ನಿಲ್ಲಿಸಿಕೊಂಡು ಕಾದು, ಬಿಚ್ಚಿ ನೋಡಿದಳು. ಅಸಲಿ. ಮತ್ತೆ ಕೂರಿಸಿ, ಅಂಗಡಿಯವನ ಹತ್ತಿರ ಕ್ಷಮೆ ಕೇಳಿ, ಗಂಡನೂ ಅವಳೂ ಅಲ್ಲೇ ಕಾಫಿ ಕುಡಿದು ಹೊರಟರು.